ಮರಿಯಯ್ಯ ಸಾಕಿದ ಇಲಿಗಳು

ಹೂಟಗಳ್ಳಿಯ ಮರಿಯಯ್ಯನಿಗೆ ಇಲಿ ಸಾಕುವುದು ಕೆಲಸ. ನಾನು ಗುಮಾಸ್ತನಾಗಿರುವ ಲ್ಯಾಬಿನಲ್ಲಿ ಬಿಳಿ ಇಲಿಗಳ ಪಂಜರ ತೊಳೆಯುತ್ತಾನೆ, ಮೇವು ನೀರು ಇಡುತ್ತಾನೆ. ಪ್ರಯೋಗ ಮುಗಿದ ಮೇಲೆ ಅವು ಬದುಕುವುದಿಲ್ಲ ಎಂದು ಅವನಿಗೂ ಗೊತ್ತು. ಇದನ್ನೇ ಹಿಡಿದು ಊಟದ ಹೊತ್ತಿನಲ್ಲಿ ಗೇಲಿ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವನು ಮಾತ್ರ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಕಳೆದ ವರ್ಷ ಅವನ ಹೆಂಡತಿ ಭಾಗ್ಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಸ್ಕ್ಯಾನಿಂಗ್‌ನಲ್ಲಿ ಅದು ಸ್ಪಷ್ಟವಾಗಿ ಕಾಣಬೇಕಾದರೆ ಮೊದಲು ಒಂದು ಔಷಧ ಚುಚ್ಚಬೇಕು. ಆ ಔಷಧ ಕಿಡ್ನಿಗೆ ಭಾರ, ಅವಳ ಕಿಡ್ನಿ ಮೊದಲೇ ಸೋತಿದ್ದರಿಂದ ಡಾಕ್ಟರು ಹಿಂಜರಿದರು. ಅದೇ ಸಮಯಕ್ಕೆ ನಮ್ಮ ಲ್ಯಾಬಿನ ವಿಜ್ಞಾನಿ ರಕ್ಷಿತಾ ಮೇಡಂ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಗಡ್ಡೆಯಿದ್ದ ಇಲಿಗಳಿಗೆ ಚುಚ್ಚಿ ನೋಡುತ್ತಿದ್ದರು. ವಿಶೇಷ ದೀಪ ಹಿಡಿದರೆ ಕಣಗಳು ಕೆಂಪಗೆ ಹೊಳೆದು ಗಡ್ಡೆಯನ್ನು ತೋರಿಸುತ್ತಿದ್ದವು, ಆಮೇಲೆ ಮೂತ್ರದಲ್ಲಿ ಹೊರಬಿದ್ದು ಹೋಗುತ್ತಿದ್ದವು. ಆ ಹೊಳೆಯುವ ಮೂತ್ರವನ್ನು ಶೀಶೆಗೆ ಹಿಡಿದುಕೊಡುತ್ತಿದ್ದವನು ಮರಿಯಯ್ಯನೇ.

ಇದು ಮನುಷ್ಯರಿಗೆ ಬರಲು ಇನ್ನೂ ವರ್ಷಗಳು ಬೇಕೆಂದು ಮೇಡಂ ಹೇಳಿದ್ದರು. ಅವನು ಕೇಳಿಸಿಕೊಂಡರೆ ತಾನೆ? ಮನೆಗೆ ಹೋಗಿ ಈ ಚಿನ್ನದ ಔಷಧ ನಿನಗೂ ಆಗುತ್ತದೆ ಎಂದು ಹೇಳಿಯೇಬಿಟ್ಟ. ಭಾಗ್ಯಮ್ಮನೂ ನಂಬಿದಳು. ಹುಟ್ಟಿದಾಗ ತನಗೆ ಜೇನಿನಲ್ಲಿ ಚಿನ್ನ ತೇದು ನೆಕ್ಕಿಸಿದ್ದರಂತೆ, ಚಿನ್ನ ಯಾರಿಗೆ ಕೇಡು ಮಾಡೀತು ಎಂದಳಂತೆ. ಚಿನ್ನ ಎಂದರೆ ಸಾಕು, ನಮ್ಮವರು ಬೇರೇನೂ ಕೇಳುವುದಿಲ್ಲ.

ಮುಂದಿನ ಸರದಿ ಕಿಡ್ನಿ ಕೆಟ್ಟ ಇಲಿಗಳದ್ದು. ಮರಿಯಯ್ಯ ಅವುಗಳ ಹತ್ತಿರ ಬೇರೆ ಯಾರನ್ನೂ ಬಿಡಲಿಲ್ಲ. ರಜಾ ದಿನವೂ ಬಂದ. ಗಡ್ಡೆ ಚೆನ್ನಾಗಿಯೇ ಕಾಣಿಸಿತು. ಮೂತ್ರ ಮಾತ್ರ ಹೊಳೆಯಲಿಲ್ಲ. ಚಿನ್ನ ಮೈಯೊಳಗೇ ನಿಂತುಬಿಟ್ಟಿತು. ಇಲಿಗಳು ಮೇವು ಬಿಟ್ಟು ಮುದುಡಿದವು, ಒಂದೊಂದಾಗಿ ಸತ್ತವು. ಮರಿಯಯ್ಯ ಶೀಶೆಯನ್ನು ದೀಪದಡಿ ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದ. ನನಗೆ ತುಂಬ ಸಂಕಟವಾಯಿತು.

ಒಬ್ಬನೇ ಹೋಗಿ ಹೇಳಲಾರೆ ಎಂದು ಮರಿಯಯ್ಯ ಅಂದಿದ್ದರಿಂದ ಆ ಸಂಜೆ ಅವನ ಜೊತೆ ನಾನೂ ಮನೆಗೆ ಹೋದೆ. ಭಾಗ್ಯಮ್ಮ ಇಬ್ಬರಿಗೂ ಕಾಫಿ ಕೊಟ್ಟು ಎದುರಿಗೆ ಕೂತಳು.

"ಆಗಲಿಲ್ಲ ಕಣಮ್ಮಿ," ಎಂದ ಮರಿಯಯ್ಯ. "ಕಿಡ್ನಿ ಕೆಟ್ಟಿರೋ ಇಲಿ ಒಂದೂ ಉಳೀಲಿಲ್ಲ."

ಸುಮ್ಮಸುಮ್ಮನೆ ಆಸೆ ಹುಟ್ಟಿಸಿದೆನೆಂದು ಅಳತೊಡಗಿದ. ಭಾಗ್ಯಮ್ಮ ಅವನ ಕೈ ಹಿಡಿದುಕೊಂಡಳು. ತನಗೆ ಚುಚ್ಚುವ ಮೊದಲೇ ಗೊತ್ತಾಯಿತಲ್ಲ, ಪಾಪ ಅವು ತನ್ನ ಬದಲು ಹೋದವಲ್ಲ ಎಂದಳು. ಆಮೇಲೆ ಕೇಳಿದಳು:

"ಅವು ಸಾಯೋವಾಗ ನೀವು ಜೊತೆಗಿದ್ರಾ?"

"ಇದ್ದೆ."

"ನನ್ನ ಜೊತೆಗೂ ಅಂಗೇ ಇದ್ಬುಡಿ."