ಮೇಣದಕ್ಕನ ಸಾಕ್ಷಿ ತುಣುಕು

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಆಕೆ ಮೇಣದ ಅಚ್ಚೊಂದನ್ನು ಮಂಜುಗಡ್ಡೆಯ ಮೇಲಿಂದ ಎತ್ತಿ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಹಿಡಿಕೆ ತಿರುಗುತ್ತದೆ. ಈರುಳ್ಳಿ ಪೊರೆಗಿಂತ ತೆಳುವಾದ ಎಸಳು ಅಲಗಿನಿಂದ ಇಳಿದು, ಬೆಚ್ಚನೆಯ ನೀರಿನ ಮೇಲೆ ತೇಲಿ, ಗಾಜಿನ ಪಟ್ಟಿಗೆ ಅಂಟಬೇಕು. ಜೋರಾಗಿ ಉಸಿರಾಡಿದರೂ ಹರಿದುಹೋದೀತು. ಇಲ್ಲಿ ಎಲ್ಲರಿಗೂ ಆಕೆ 'ಮೇಣದಕ್ಕ'.

"ಕರಗೋದು ಮೇಣ ಮಾತ್ರ, ನಾನಲ್ಲ."

ಆ ಅಚ್ಚಿನೊಳಗಿರುವುದು ಆಕೆಯದೇ ಗರ್ಭಕೋಶದ ಚೂರು. ಗರ್ಭಕೋಶದ ಒಳಪದರದಂಥದ್ದು ಹೊಟ್ಟೆಯಲ್ಲಿ ಎಲ್ಲೆಂದರಲ್ಲಿ ಬೆಳೆಯುವ ಎಂಡೊಮೆಟ್ರಿಯೋಸಿಸ್ ಆಕೆಯ ಯೌವನವನ್ನು ನುಂಗಿತು, ತಾಯಿಯಾಗುವ ಆಸೆಯನ್ನೂ. "ಮದುವೆ ಆದ್ರೆ ಸರಿಹೋಗತ್ತೆ, ಮಗು ಆದ್ರೆ ಸರಿಹೋಗತ್ತೆ." ವೈದ್ಯರ ಗಂಟಲು, ಚಿಕ್ಕಮ್ಮನ ರಾಗ, ಎರಡನ್ನೂ ಆಕೆ ಥೇಟ್ ಹಾಗೇ ಅನುಕರಿಸುತ್ತಾರೆ. ಪಕ್ಕದ ಮೇಜಿನವರು ನಕ್ಕು, ಆಮೇಲೆ ತಲೆ ತಗ್ಗಿಸುತ್ತಾರೆ.

ಕೊನೆಗೆ ಗರ್ಭಕೋಶವನ್ನೇ ತೆಗೆದರು. ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಅದರಲ್ಲಿ ದಂಡಿಯಾಗಿದ್ದವು. ಪರೀಕ್ಷೆಯ ಬಣ್ಣ ಹಾಕಿದರೆ ಅದು ಕಂದು ಬಣ್ಣಕ್ಕೆ ತಿರುಗಲೇಬೇಕು. ಆಕೆ ಒಪ್ಪಿದ್ದರಿಂದ ಅದೇ ಇಲ್ಲಿ ಪ್ರತಿ ಪರೀಕ್ಷೆಯ ಜೊತೆಗಿಡುವ ಸಾಕ್ಷಿ ತುಣುಕಾಯಿತು. ಅದು ಕಂದಾಗದ ದಿನ ಯಾರ ಫಲಿತಾಂಶವನ್ನೂ ನಂಬುವಂತಿಲ್ಲ.

"ನಾನು ರಜೆ ಹಾಕಿದ್ರೂ ಅದು ಡ್ಯೂಟಿಗೆ ಬರತ್ತೆ."

ಹಾಗೆ ಬಂದ ದಿನವೇ ಎಡವಟ್ಟಾಯಿತು. ತಂಗಿಯ ಆಪರೇಷನ್ನಿಗೆಂದು ಆಕೆ ರಜೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಅಚ್ಚನ್ನು ಓರೆಯಾಗಿ ಕೂರಿಸಿದರು. ಸಮ ಮಾಡಲು ಹೆರೆದದ್ದರಲ್ಲೇ ಮುಕ್ಕಾಲು ಚೂರು ಕಸದ ಪಾಲು. ಹೊಸ ಸಾಕ್ಷಿ ಇನ್ನೂ ಸಿದ್ಧವಾಗಿಲ್ಲ. ಉಳಿದಿರುವುದು ಒಂದೆರಡು ಎಸಳಿಗಾಗುವಷ್ಟು. ಇಂದು ಪರೀಕ್ಷೆಗೆ ಕಾದಿರುವುದೋ, ತಂಗಿಯ ಹೊಟ್ಟೆಯಿಂದ ತೆಗೆದ ಚೂರು.

ತಂಗಿಗೂ ಅದೇ ಕಾಯಿಲೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಮಾತ್ರೆ ನುಂಗಿಯೂ ನೋವು ಇಳಿಯದಾಗ ಅವಳ ಅತ್ತೆ ಅಂದದ್ದು: "ಮಾತ್ರೆನ ಕಿಟಕಿಯಿಂದ ಎಸೀತಾಳೆ. ಬರೀ ನಾಟಕ." ಈ ಒಂದು ದನಿಯನ್ನು ಮಾತ್ರ ಮೇಣದಕ್ಕ ಅನುಕರಿಸುವುದಿಲ್ಲ.

ಅಕ್ಕನ ಚೂರಿನ ಮೊದಲ ಎಸಳು ನೀರಿನಲ್ಲೇ ಛಿದ್ರವಾಗುತ್ತದೆ. ಎರಡನೆಯದು ಗಾಜಿನ ಮೇಲೆ ನಿಲ್ಲುತ್ತದೆ.

ಮಧ್ಯಾಹ್ನ ವೈದ್ಯೆ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಕರೆಯುತ್ತಾರೆ. ಅಕ್ಕನ ಚೂರು ಗಾಢ ಕಂದು. ತಂಗಿಯದರಲ್ಲಿ ಪ್ರೊಜೆಸ್ಟರಾನ್ ಗ್ರಾಹಕಗಳ ಸುಳಿವೇ ಇಲ್ಲ. ಮಾತ್ರೆ ಇಷ್ಟು ದಿನ ಹಾಡಿದ್ದೆಲ್ಲ ಕಿವುಡರ ಮುಂದೆ ಕಿನ್ನರಿ. ತಂಗಿಯದೇ ಇನ್ನೊಂದು ಗಾಜಿನಲ್ಲಿ, ಕಾಯಬೇಕಾದ ರೋಗನಿರೋಧಕ ಕಣಗಳೇ ಮುತ್ತಿಕೊಂಡು ಉರಿಯೂತ ಎಬ್ಬಿಸಿವೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

"ಔಷಧಿ ಬದಲಾಯಿಸೋಣ. ತಂಗಿಗೆ ನೀವೇ ಹೇಳಿ," ಎನ್ನುತ್ತಾರೆ ವೈದ್ಯೆ.

ಮೇಣದಕ್ಕ ಮೆಟ್ಟಿಲ ಬಳಿ ನಿಂತು ಫೋನ್ ಮಾಡುತ್ತಾರೆ. "ನೀನು ಮಾತ್ರೆ ತಪ್ಪಿಸಿಲ್ಲ ಕಣೇ. ಮಾತ್ರೆಗೇ ಅಲ್ಲಿ ಕೂರೋಕೆ ಜಾಗ ಇಲ್ಲ."

ಆ ಕಡೆಯಿಂದ ತಂಗಿ, "ನಾನು ಹೇಳ್ತಾನೇ ಇದ್ನಲ್ಲಕ್ಕ."

ಖಾಲಿ ಅಚ್ಚನ್ನು ಆಕೆ ಇನ್ನೂ ಎಸೆದಿಲ್ಲ. ಮುಂದೇನು ಆಸೆ ಎಂದು ಯಾರಾದರೂ ಕೇಳಿದರೆ ಅದನ್ನೇ ಬೆರಳಲ್ಲಿ ಸವರುತ್ತಾರೆ. "ನನ್ನ ನೋವನ್ನ ಯಾರೂ ನಂಬಲಿಲ್ಲ. ನಾನು ಕಂದಾದೆ ಅಂತ ಇವತ್ತು ಅವಳನ್ನ ನಂಬಿದ್ರು. ಇನ್ನು ಬರೋವಳನ್ನ ಬಾಯಿಮಾತಿಗೇ ನಂಬಿದ್ರೆ ಸಾಕು."