ಗೆರ್ಲಿಂಡಳ ತಲೆಯ ಮೇಲಿನ ತಲೆ

ಹಿಮ ಕರಗುವ ಹಬ್ಬದ ಮೊದಲ ದಿನ ಕ್ರೋನ್‌ಬೆಕ್ ಊರಿನ ಅಷ್ಟೂ ಜನರ ಕಣ್ಣೆದುರು ಕಸಾಯಿ ಅಂಗಡಿಯ ಗೆರ್ಲಿಂಡ ಕಾರಂಜಿಯ ತೊಟ್ಟಿಗೆ ಬಿದ್ದಳು. ಸುಮ್ಮನೆ ಬಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಬ್ಬದ ದಿನ ಕುಡಿದವರು ಆ ತೊಟ್ಟಿಗೆ ಬೀಳುವುದು ಇದ್ದದ್ದೇ. ಆದರೆ ಅವಳು ಕುಡಿದಿರಲಿಲ್ಲ. ಮೇಲಾಗಿ ಅವಳ ಹೆಗಲ ಮೇಲೆ ಊರಿನ ಹಂದಿತಲೆ ಇತ್ತು. ಮರದ್ದು, ಚಿನ್ನದ ಬಣ್ಣದ್ದು, ಒಳಗೆ ತಲೆ ತೂರಿಸಿ ಪಟ್ಟಿ ಬಿಗಿದು ಹೊರುವಂಥದ್ದು, ಕೋರೆಹಲ್ಲು ಮಾತ್ರ ನಿಜವಾದದ್ದು. ಬೆಳಗಿನಿಂದ ಹಬ್ಬದಡಿಗೆಗೆ ಮೆಣಸು ಕುಟ್ಟುತ್ತಿದ್ದವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಓಡಿಬಂದು ಅದನ್ನು ಹೊತ್ತಿದ್ದಳು. ಮೆರವಣಿಗೆ ಚೌಕ ಮುಟ್ಟಿದ್ದೇ ತಡ, ತಲೆಯೊಳಗಿನಿಂದ ಗುಡುಗಿನಂಥ ಸದ್ದೊಂದು ಬಂತು. ಹಂದಿಯ ಮೂತಿ ಗಿರ್ರನೆ ಬೆನ್ನ ಕಡೆ ತಿರುಗಿತು. ಹಂದಿ ಹಿಂದೆ ನೋಡುತ್ತಾ, ಗೆರ್ಲಿಂಡ ಏನೂ ಕಾಣದೆ, ಇಬ್ಬರೂ ಜೊತೆಯಾಗಿ ನೀರಿಗೆ ಹೋದರು. ಸೇತುವೆ ಕಾಯುವ ದೈತ್ಯ ಗ್ರಾಬ್ ಅವಳನ್ನು ಎರಡೇ ಬೆರಳಲ್ಲಿ ಎತ್ತಿ, ಒದ್ದೆ ಬಟ್ಟೆ ಕೊಡವಿದಂತೆ ಕೊಡವಿ, ನೆಲದ ಮೇಲಿಟ್ಟ.

ಊರು ನಕ್ಕಿತು. ನಗಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ನನಗೆ ಮೈ ಉರಿಯುವುದು ಆಮೇಲೆ ಆದದ್ದಕ್ಕೆ.

ಆ ತಲೆ ತಲೆತಲಾಂತರದಿಂದ ಗೆರ್ಲಿಂಡಳ ತವರಿನದು. ಊರ ಕೋಟೆಗೋಡೆಯನ್ನೇ ಅಗಿದು ತಿನ್ನುತ್ತಿದ್ದ ಮಾಯಾ ಹಂದಿಯನ್ನು ಕಡಿದು, ಹಸಿದಿದ್ದ ಮನೆಮನೆಗೂ ಒಂದೊಂದು ತುಂಡು ಹಂಚಿದವಳು ಅವಳ ಮುತ್ತಜ್ಜಿ. ಅಜ್ಜಿ, ನೆನಪಿಡಿ, ಅಜ್ಜ ಅಲ್ಲ. ಅಂದಿನಿಂದ ಹಬ್ಬದ ಮೂರನೆಯ ದಿನ ಹಂದಿತಲೆ ಹೊತ್ತವರೇ ಚೌಕದಲ್ಲಿ ಮೊದಲ ಹಂದಿ ಕುಯ್ದು ಮನೆಗೊಂದು ತುಂಡು ಹಂಚಬೇಕು. ಆ ದಿನ ಆ ತುಂಡು ಬರುವವರೆಗೆ ಊರಿನಲ್ಲಿ ಒಂದು ಒಲೆಯೂ ಹೊತ್ತುವ ಹಾಗಿಲ್ಲ. ವರ್ಷದ ಉಳಿದ ದಿನ ತಲೆ ಅವರ ಅಂಗಡಿಯ ಬಾಗಿಲ ಮೇಲೆ ತೂಗುತ್ತದೆ. ಜನ ಆ ತಲೆ ನೋಡಿಕೊಂಡೇ ಮಾಂಸಕ್ಕೆ ಬರುವುದು.

ಗೆರ್ಲಿಂಡಳ ಗಂಡ ಯೋಸ್ಟ್ ಮನೆಅಳಿಯ. ಒಳ್ಳೆಯ ಮನುಷ್ಯ, ಅಗಲ ಹೆಗಲು, ಗಂಟೆಯಂಥ ಗಂಟಲು. ಇಷ್ಟು ವರ್ಷ ಅವನೇ ತಲೆ ಹೊರುತ್ತಿದ್ದ, ಗಂಡಸರು ಹೊತ್ತರೆ ಚಂದ ಎಂದು ಯಾರೋ ಅಂದಿದ್ದಕ್ಕೆ. ಅಂಗಡಿಯಲ್ಲಿ ಅವನು ಮುಂದೆ ನಿಂತು ಕೂಗುತ್ತಿದ್ದ, ಅವಳು ಹಿಂದೆ ನಿಂತು ಕಡಿಯುತ್ತಿದ್ದಳು. ಏಪ್ರನ್ನಿನ ಮೇಲೆ ರಕ್ತದ ಕಲೆ ಇದ್ದರೆ ಗಿರಾಕಿಗೆ ನಂಬಿಕೆ ಎಂದು ಅವಳ ಏಪ್ರನ್ನನ್ನೇ ಇಸಕೊಂಡು ಕಟ್ಟಿಕೊಳ್ಳುತ್ತಿದ್ದ. ಕೋಳಿ ಕೂಗುವ ಮೊದಲೇ ಎದ್ದು ಕತ್ತಿ ಮಸೆಯುವುದು, ಬೋಟಿ ತೊಳೆಯುವುದು, ಮಾಂಸಕ್ಕೆ ಹೊಗೆ ಹಿಡಿಸಲು ಗೂಡಿನಲ್ಲಿ ಸಾಕಿದ ಮುದಿ ಡ್ರ್ಯಾಗನ್ನಿಗೆ ಕೆಮ್ಮು ಹತ್ತಿದರೆ ಜೇನು ನೆಕ್ಕಿಸುವುದು, ಎಲ್ಲ ಗೆರ್ಲಿಂಡಳದೇ. ಹೋದ ಚಳಿಗಾಲ ಯೋಸ್ಟ್ ತೀರಿಕೊಂಡ. ಮಾಂಸದ ರುಚಿ ಒಂದಿಷ್ಟೂ ಬದಲಾಗಲಿಲ್ಲ. ಆಗಲಾದರೂ ಊರಿಗೆ ಅರ್ಥವಾಗಬೇಕಿತ್ತು.

ತೊಟ್ಟಿಗೆ ಬಿದ್ದ ಸಂಜೆಯೇ ಕಸಾಯಿ ಸಂಘ ಸೇರಿತು. ಸಂಘದ ಯಜಮಾನ ಬರ್ಖಾರ್ಟ್ ಹೊಟ್ಟೆ ಸವರಿಕೊಂಡು ಶುರುಮಾಡಿದ.

“ನೋಡಮ್ಮ, ಹೆಣ್ಣಿನ ಕತ್ತಿಗೆ ಅಷ್ಟು ಶಕ್ತಿ ಇರಲ್ಲ.”

“ಯಾವ ಕತ್ತಿಗೆ ಯಜಮಾನ್ರೇ?” ಅಂದಳು ಗೆರ್ಲಿಂಡಳ ಮಗಳು ಟಿಲ್ಡ. “ಹೆಗಲ ಮೇಲಿರೋದಕ್ಕಾ, ಕೈಯಲ್ಲಿರೋದಕ್ಕಾ? ಕೈಯಲ್ಲಿರೋದನ್ನ ಬೇಕಾದ್ರೆ ಈಗಲೇ ತೋರಿಸ್ತಾಳೆ ನಮ್ಮವ್ವ.”

ಊರಿನ ಮಂತ್ರವಾದಿ ಗಡ್ಡದೊಳಗಿನಿಂದ ಬೆರಳೆತ್ತಿದ. “ಕತ್ತಿನ ಮಾತಲ್ಲ ಇದು. ಸತ್ತ ಹಂದಿ ಗರ್ಜಿಸ್ತು. ನನ್ನ ಕಿವಿಯಾರೆ ಕೇಳಿದೀನಿ. ಹೆಣ್ಣು ಹೊತ್ತಿದ್ದು ಅದಕ್ಕೆ ಹಿಡಿಸಲಿಲ್ಲ.”

“ಹಂದಿ ಕಡಿದೋಳೇ ಹೆಣ್ಣು!” ಟಿಲ್ಡ ಕೂಗಿದಳು. “ಓಟ್ಮಾರ ಚಿಕ್ಕಪ್ಪನೇ ಪಟ್ಟಿ ಸಡಿಲ ಮಾಡಿರ್ತಾನೆ, ನೋಡ್ತಿರಿ.”

ಗೆರ್ಲಿಂಡ ಬಾಯಿ ತೆರೆದಳು. “ಅದು ಏನಾಯ್ತು ಅಂದ್ರೆ...”

“ಇರಮ್ಮ ನೀನು. ದೊಡ್ಡೋರು ಮಾತಾಡ್ತಿದಾರೆ” ಎಂದ ಬರ್ಖಾರ್ಟ್.

ಮೊಮ್ಮಕ್ಕಳು ಕಂಡ ಹೆಂಗಸಿಗೆ ಹೇಳುವ ಮಾತೇ ಇದು? ಬಿದ್ದವಳು ಅಲ್ಲೇ ನಿಂತಿದ್ದಾಳೆ, ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಯಾಕೆ ಬಿದ್ದಳು ಎಂದು ಊರೆಲ್ಲ ಚರ್ಚೆ, ಅವಳನ್ನು ಬಿಟ್ಟು! ಅವಳು ಇನ್ನೊಮ್ಮೆ ಬಾಯಿ ತೆರೆದಾಗ ಮಂತ್ರವಾದಿ ಕಣ್ಣು ಮುಚ್ಚಿಕೊಂಡು ಹಂದಿಯ ಜೊತೆ ಮಾತಿಗಿಳಿದಿದ್ದ. ಕೊನೆಗೆ ತೀರ್ಮಾನವಾಯಿತು: ತಲೆ ಇನ್ನು ಮೇಲೆ ಯೋಸ್ಟನ ತಮ್ಮ ಓಟ್ಮಾರನದು. ಆ ಮನೆತನಕ್ಕೂ ಅವನಿಗೂ ಅಣ್ಣನ ಮದುವೆಯಲ್ಲಿ ಉಂಡ ಊಟದಷ್ಟೇ ಸಂಬಂಧ. ಸಾಲದ್ದಕ್ಕೆ ಅವನು ಮೇಣದಬತ್ತಿ ಮಾರುವವನು! ಆದರೆ ಗಂಡಸು. ಅಷ್ಟು ಸಾಕಾಯಿತು ಸಂಘಕ್ಕೆ.

ಓಟ್ಮಾರ ಕೈಗಾಡಿ ತಂದು ತಲೆ ಹೇರಿಕೊಂಡ. “ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ನಾನೇನ್ ಕೇಳಿರಲಿಲ್ಲ.”

“ಬೇಜಾರೇನಿಲ್ಲಪ್ಪ. ಹಂದಿ ಕುಯ್ಯೋಕೆ ಬರುತ್ತಾ ನಿಂಗೆ?”

“ಸಂಘದೋರು ಹೇಳಿಕೊಡ್ತಾರಂತೆ.”

“ಅವರು ಕೊಚ್ಚೋದು ಹೇಳಿಕೊಡ್ತಾರೆ ಮೈದುನಾ, ಕುಯ್ಯೋದಲ್ಲ.”

ಬಾಗಿಲ ಮೇಲೆ ಬರೀ ಮೊಳೆ ಉಳಿಯಿತು. ಮರುದಿನ, ಹಬ್ಬದ ಭರಾಟೆಯ ನಡುವೆ, ಅಂಗಡಿಗೆ ಬಂದದ್ದು ಗ್ರಾಬ್ ಒಬ್ಬನೇ, ಅವನ ಬಕೆಟ್ ಬೋಟಿಗೆ. ಉಳಿದವರು ಖಾಲಿ ಮೊಳೆಯನ್ನು ನೋಡಿ, ಆಕಾಶ ನೋಡಿ, ಮುಂದೆ ಹೋದರು. ಗೆರ್ಲಿಂಡ ಮಾಂಸ ಕಡಿಯುವ ಕೊರಡಿನ ಹಿಂದೆ ನಿಂತು ಮಸೆದ ಕತ್ತಿಯನ್ನೇ ಮತ್ತೆ ಮಸೆದಳು. ಟಿಲ್ಡ ಏನೋ ಹೇಳಲು ಹೋದಾಗ, “ಬಾಯ್ಮುಚ್ಕೊಂಡು ಡ್ರ್ಯಾಗನ್‌ಗೆ ಜೇನು ಹಾಕು” ಎಂದಳು. ಈ ಅಂಗಡಿ ಹೋದರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಮೂರನೆಯ ದಿನ ಚೌಕದಲ್ಲಿ ಊರೆಲ್ಲ ಖಾಲಿ ತಟ್ಟೆ ಹಿಡಿದು ನಿಂತಿತು. ಹಂದಿತಲೆ ಹೊತ್ತ ಓಟ್ಮಾರ ತೂರಾಡದೆ ನಡೆದುಬಂದ, ಬರ್ಖಾರ್ಟ್ “ನೋಡಿದ್ರಾ ಕತ್ತು!” ಎಂದು ಸುತ್ತ ನೋಡಿದ. ಓಟ್ಮಾರನ ಕೈಗೆ ಕತ್ತಿ ಕೊಟ್ಟರು. ಹಂದಿ ಒಮ್ಮೆ ಕಿರುಚಿತು. ಅಷ್ಟಕ್ಕೇ, ಒಂದು ಹನಿ ರಕ್ತವನ್ನೂ ಕಾಣದೆ, ಓಟ್ಮಾರ ತನ್ನ ಅಂಗಡಿಯ ಬತ್ತಿಯಂತೆ ಮೆತ್ತಗೆ ಕರಗಿ ನೆಲಕ್ಕೊರಗಿದ. ಚಿನ್ನದ ತಲೆ ಉರುಳುತ್ತಾ ಹೋಗಿ ತೊಟ್ಟಿಗೆ ಬಡಿದು ನಿಂತಿತು.

ಸಂಘದ ಹಿರಿಯರಲ್ಲಿ ಯಾರೂ ಕತ್ತಿ ಮುಟ್ಟಲಿಲ್ಲ. ಆಳುಗಳ ಕೈಯಲ್ಲೇ ಕುಯ್ಯಿಸಿ ಅಭ್ಯಾಸವಾದವರು ಅವರೆಲ್ಲ. ಒಲೆಗಳು ತಣ್ಣಗಿದ್ದವು, ಮಕ್ಕಳು ಅಳುತ್ತಿದ್ದವು, ಗ್ರಾಬನ ಹೊಟ್ಟೆ ಕೋಟೆಬಾಗಿಲು ಎಳೆದಂತೆ ಸದ್ದು ಮಾಡುತ್ತಿತ್ತು.

ಗೆರ್ಲಿಂಡ ಬಂದಳು. ಯಾರೂ ಕರೆದಿರಲಿಲ್ಲ. ಮೈದುನನ ತಲೆಯ ಕೆಳಗೆ ಅವನದೇ ಟೋಪಿ ಮಡಿಸಿಟ್ಟು, ಕತ್ತಿ ಎತ್ತಿಕೊಂಡಳು. ಹಂದಿಗೆ ಇನ್ನೊಮ್ಮೆ ಕಿರುಚಲು ಪುರುಸೊತ್ತು ಸಿಗಲಿಲ್ಲ. ತುಂಡುಗಳು ತಟ್ಟೆಗೆ ಬೀಳತೊಡಗಿದವು: ಬಾಣಂತಿ ಇದ್ದ ಮನೆಗೆ ಮೂಳೆ ಸಮೇತ, ಹಲ್ಲಿಲ್ಲದ ಮುದುಕರಿಗೆ ಮೆತ್ತಗಿನದು. ತಟ್ಟೆ ಹಿಡಿದು ಬರ್ಖಾರ್ಟನೂ ಬಂದ, ಬರದೆ ಏನು ಮಾಡಿಯಾನು? ಅವಳು ಅವನ ತಟ್ಟೆಗೆ ಹಂದಿಯ ನಾಲಿಗೆ ಹಾಕಿದಳು.

“ಒಂದು ಜಾಸ್ತಿ ಇರಲಿ ಯಜಮಾನ್ರೇ. ನಿಮ್ಮದು ಸವೆದಿರುತ್ತೆ.”

ಚೌಕ ಮತ್ತೆ ನಕ್ಕಿತು, ಈ ಸಲ ಸರಿಯಾದ ಕಡೆಗೆ ತಿರುಗಿ. ಗ್ರಾಬ್ ಯಾರ ಅಪ್ಪಣೆಗೂ ಕಾಯದೆ ಹಂದಿತಲೆಯನ್ನು ಕಂಕುಳಲ್ಲಿಟ್ಟು ನಡೆದು, ಗೆರ್ಲಿಂಡಳ ಬಾಗಿಲ ಮೊಳೆಗೆ ತೂಗುಹಾಕಿ ಬಂದ. ಅಷ್ಟೆತ್ತರದವನ ಹತ್ತಿರ ವಾದ ಮಾಡಲು ಸಂಘದಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.

ಬರ್ಖಾರ್ಟ್ ಮಾತ್ರ ತಟ್ಟೆ ಹಿಡಿದು ಅಲ್ಲೇ ಉಳಿದ. “ಆಯ್ತಮ್ಮ, ತಲೆ ನಿಂದೇ. ಆದ್ರೆ ಈಗಲಾದ್ರೂ ಹೇಳು. ಆವತ್ತು ಅದರೊಳಗೆ ಏನಾಯ್ತು? ಕತ್ತು ಸೋಲ್ತಾ? ಪಟ್ಟಿ ಬಿಚ್ಚಿದ್ರಾ? ನಿಜವಾಗ್ಲೂ ಹಂದಿ ಗರ್ಜಿಸ್ತಾ?”

ಮಂತ್ರವಾದಿ ಗಡ್ಡ ಸರಿಸಿ ಕಿವಿ ಮುಂದೆ ತಂದ. ಟಿಲ್ಡ ಚಿಕ್ಕಪ್ಪನನ್ನು ದುರುಗುಟ್ಟಿ ನೋಡಿದಳು. ತಟ್ಟೆ ಹಿಡಿದವರೆಲ್ಲ ಒಂದು ಹೆಜ್ಜೆ ಹತ್ತಿರ ಬಂದರು.

ಗೆರ್ಲಿಂಡ ತೋಳಿನಿಂದ ಮೂಗು ಒರೆಸಿಕೊಂಡಳು.

“ಸೀನು ಬಂತು.”