ಅಪರಂಜಿ ಭಾವ ಕರಗಿಸಿದ ಬಳೆ

ನಮ್ಮ ಭಾವನಿಗೆ ಅಪರಂಜಿ ಅಂತ ಹೆಸರಿಟ್ಟವಳು ನಾನೇ. ಅಕ್ಕನ ಗಂಡ ಅನ್ನೋ ಮರ್ಯಾದೆಗೆ ಎದುರಿಗೆ ಹಾಗೆ ಕರೆಯೋದಿಲ್ಲ, ಬೆನ್ನ ಹಿಂದೆ ಮಾತ್ರ ಬಿಡೋದಿಲ್ಲ. ಒಡವೆಗಳ ಶುದ್ಧತೆ ಪರೀಕ್ಷೆ ಮಾಡೋ ಕಡೆ ಅವರ ಕೆಲಸ. ಕೆಲಸ ಅಂದ್ರೆ ಏನು ಮಹಾ! ಯಂತ್ರದೊಳಗೆ ಉಂಗುರ ಇಡೋದು, ಮುಚ್ಚಳ ಹಾಕೋದು, ಗುಂಡಿ ಒತ್ತೋದು. ಬಂಗಾರ ಇಷ್ಟು, ಬೆಳ್ಳಿ ಇಷ್ಟು, ತಾಮ್ರ ಇಷ್ಟು ಅಂತ ಪರದೆ ಮೇಲೆ ಬರುತ್ತೆ. ಅದನ್ನ ಓದಿ ಹೇಳೋ ಗತ್ತು ನೋಡಬೇಕು, ಬಂಗಾರವನ್ನ ಇವರೇ ಹೆತ್ತ ಹಾಗೆ.

ನೆಂಟರ ಮನೆಗೆ ಕರೆದುಕೊಂಡು ಹೋಗೋ ಹಾಗಿಲ್ಲ ಈ ಮನುಷ್ಯನನ್ನ. ಯಾರದೋ ಸರ ನೋಡಿ, "ಇದು ಹದಿನೆಂಟು ಕ್ಯಾರೆಟ್ಟು, ಕಾಲು ಭಾಗ ಬೆರಕೆ" ಅಂದುಬಿಡ್ತಾರೆ. ಪಾಪ, ಆ ಹೆಂಗಸು ಆಮೇಲೆ ಸೆರಗು ಸರಿಮಾಡಿಕೊಳ್ಳೋದೇ ಆಗುತ್ತೆ. ನನ್ನ ಓಲೆ ನೋಡಿಯೂ ಒಂದು ಸಲ ಮೂಗು ಮುರಿದರು. "ಇಪ್ಪತ್ತೆರಡಿರಬೇಕು, ಪರವಾಗಿಲ್ಲ" ಅಂದರು. ಪರವಾಗಿಲ್ಲವಂತೆ! ಇವರಿಗೆ ಇಪ್ಪತ್ನಾಲ್ಕು ಪಾಲಿಗೆ ಇಪ್ಪತ್ನಾಲ್ಕೂ ಬಂಗಾರವೇ ಆಗಬೇಕು. ಅಂಥದ್ದು ಬಲು ಮೆತ್ತಗೆ, ಬ್ಯಾಂಕಿನ ಲಾಕರಿನಲ್ಲಿ ಮಲಗಿರೋಕೆ ಸರಿ, ಪಾತ್ರೆ ತಿಕ್ಕೋ ಕೈಗಲ್ಲ. ಅಕ್ಕಸಾಲಿಗರು ಏನು ಹುಚ್ಚರೇ, ತಾಮ್ರ ಬೆರೆಸೋಕೆ?

ಅಪ್ಪ ಅಕ್ಕನ ಮನೆಯಲ್ಲೇ ಇರೋದು, ಅಡುಗೆಮನೆ ಪಕ್ಕದ ಕೋಣೆಯಲ್ಲಿ. ಕಣ್ಣು ಪೂರ್ತಿ ಹೋಗಿದೆ. ಅಮ್ಮ ತೀರಿಕೊಂಡ ಮೇಲೆ ಅವಳ ಜೋಡಿ ಬಳೆ ಅಕ್ಕನ ಕೈಗೆ ಬಂದವು. ದಪ್ಪನೆಯ, ಕೆಂಪು ಛಾಯೆಯ ಬಳೆ. ಅಮ್ಮ ಅವನ್ನ ಹಾಕಿಕೊಂಡೇ ಬಟ್ಟೆ ಒಗೆದಳು, ಬಾವಿಯಿಂದ ನೀರು ಸೇದಿದಳು, ನಮ್ಮಿಬ್ಬರ ಬೆನ್ನಿಗೂ ಬಾರಿಸಿದಳು. ಅವು ಒಂದು ಚೂರೂ ಸೊಟ್ಟಗಾಗಲಿಲ್ಲ. ಒಂದಕ್ಕೊಂದು ತಾಗಿದರೆ ಠಣ್ ಅಂತ ಸಣ್ಣ ದನಿ. ಆ ದನಿ ಬಾಗಿಲ ಹತ್ತಿರ ಬಂದರೆ ಸಾಕು, ಅಪ್ಪನ ಮುಖ ಅರಳೋದು. ಅಕ್ಕನ ಕೈ ಹಿಡಿದು ಸುಮ್ಮನೆ ಬಳೆ ಸವರುತ್ತಾ ಕೂರೋರು. ಅವರಿಗೆ ಉಳಿದಿದ್ದ ಸುಖ ಅದೊಂದೇ.

ಭಾವನ ಕಣ್ಣು ಅದರ ಮೇಲೂ ಬಿತ್ತು. ಯಂತ್ರಕ್ಕೆ ಇಟ್ಟು ನೋಡಿಕೊಂಡು ಬಂದರು. ಹದಿನೆಂಟು. ಊಟಕ್ಕೆ ಕೂತಾಗ ನಕ್ಕಿದ್ದೇ ನಕ್ಕಿದ್ದು. "ನಿಮ್ಮಮ್ಮನಿಗೆ ಅಕ್ಕಸಾಲಿಗ ಚೆನ್ನಾಗಿ ಟೋಪಿ ಹಾಕಿದ್ದಾನೆ ಕಣೇ."

"ಟೋಪಿ ಅಲ್ಲ ಅಳಿಯಂದಿರೇ," ಅಂದರು ಅಪ್ಪ. "ಅವಳೇ ಕೇಳಿ ಮಾಡಿಸಿಕೊಂಡಿದ್ದು. ದುಡಿಯೋ ಕೈ, ಗಟ್ಟಿಯಾಗಿರಲಿ ಅಂದಳು."

ಭಾವ ಸೊಪ್ಪು ಹಾಕಲಿಲ್ಲ. ಯಂತ್ರ ಹೇಳಿದ ಮೇಲೆ ಮಾವನ ಮಾತು ಯಾವ ಲೆಕ್ಕ?

ಅಷ್ಟರಲ್ಲಿ ಅಕ್ಕ ಬಿಸಿ ಎಣ್ಣೆ ಹಾರಿಸಿಕೊಂಡು ಕೈ ಸುಟ್ಟುಕೊಂಡಳು, ಬಳೆ ಬಿಚ್ಚಿಟ್ಟಳು. ಗಾಯ ಮಾಯೋ ಹೊತ್ತಿಗೆ ಈ ಪುಣ್ಯಾತ್ಮ ಅವನ್ನ ಕರಗಿಸಿ, ತಾಮ್ರವೆಲ್ಲ ತೆಗೆಸಿ, ಹೊಸ ಬಳೆ ಮಾಡಿಸಿ ತಂದಾಗಿತ್ತು. ಅವಳನ್ನ ಒಂದು ಮಾತು ಕೇಳಬೇಡವೇ? "ನೋಡು, ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು!" ಅಂತ ಹಲ್ಲು ಕಿರಿದರು. ಅಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಬೇರೆ ಬಳೆ ಇರಲಿಲ್ಲ, ಹಾಕಿಕೊಂಡಳು. ಕೊಡ ಎತ್ತುವಾಗ ನಲ್ಲಿಗೆ ತಾಗಿ ಒಂದು ಬಳೆ ಮೊಟ್ಟೆಯಾಕಾರಕ್ಕೆ ತಿರುಗಿತು. ದನಿಯಂತೂ ಇಲ್ಲವೇ ಇಲ್ಲ, ಹಸಿ ಹಿಟ್ಟಿನ ಮುದ್ದೆ ತಟ್ಟಿದ ಹಾಗೆ ದಪ್ ಅನ್ನೋದು.

ನಾನು ಹೋದ ದಿನ ಅವಳು ಅಪ್ಪನಿಗೆ ನೀರು ತಗೊಂಡು ಹೋಗ್ತಿದ್ದಳು. ಅಪ್ಪ ತಿರುಗಲಿಲ್ಲ.

"ಯಾರದು?"

"ನಾನಪ್ಪಾ," ಅಂದಳು ಅಕ್ಕ.

ಕೈ ಹಿಡಿದು ಸವರಿದರು, ಬಿಟ್ಟರು. "ಅಮ್ಮನ ಬಳೆ ಯಾಕೆ ತೆಗೆದೆ ಮಗಳೇ?"

ಬಾಗಿಲಲ್ಲಿದ್ದ ಭಾವ, "ಅವೇ ಬಳೆ ಮಾವ, ಕೊಳೆ ತೆಗೆಸಿದ್ದೀನಿ ಅಷ್ಟೇ" ಅಂದರು. ಕೊಳೆಯಂತೆ ಕೊಳೆ! ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲಿದ್ದದ್ದು ಕೊಳೆಯಲ್ಲ ಭಾವ, ನಮ್ಮಮ್ಮ. ನಿಮ್ಮ ಯಂತ್ರಕ್ಕೆ ಕಾಣಲಿಲ್ಲ ಅಷ್ಟೇ" ಅಂದೆ. ಅಂದದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಅಪ್ಪ ಆವತ್ತಿನಿಂದ ಗೋಡೆ ಕಡೆ ಮುಖ ಮಾಡಿ ಮಲಗೋಕೆ ಶುರುಮಾಡಿದರು.

ಅದನ್ನ ನೋಡಿ ಆ ಮನುಷ್ಯನಿಗೂ ಒಳಗೆಲ್ಲೋ ಚುರ್ ಅಂದಿರಬೇಕು. ಯಾರಿಗೂ ಹೇಳದೆ ಬಳೆಗಳನ್ನ ಮತ್ತೆ ಅಕ್ಕಸಾಲಿಗನ ಹತ್ತಿರ ಒಯ್ದರು. ತಾಮ್ರ ಬೆರೆಸಪ್ಪ ಅಂತ ಬಾಯಿಬಿಟ್ಟು ಕೇಳಿದರಂತೆ, ಅಪರಂಜಿ ಭಾವ! ಯಂತ್ರಕ್ಕಿಟ್ಟು ನೋಡಿದರು, ಸರಿಯಾಗಿ ಹದಿನೆಂಟು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದೇ ಕೆಂಪು ಛಾಯೆ. ಠಣ್ ಅಂತಲೂ ಅಂದವು.

ಅಕ್ಕನ ಕೈಗೆ ತಾವೇ ತೊಡಿಸಿ ಅಪ್ಪನ ಹತ್ತಿರ ಕರೆದುಕೊಂಡು ಹೋದರು. "ನೋಡಿ ಮಾವ, ಮೊದಲಿದ್ದ ಹಾಗೇ ಮಾಡಿಸಿದ್ದೀನಿ." ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಅಮ್ಮನ ಬಳೆ ಒಳಬದಿಯಲ್ಲಿ ಒಂದು ಕಡೆ ಸವೆದು ತೆಳ್ಳಗಾಗಿತ್ತು. ಅಪ್ಪನ ಬೆರಳು ಆ ಜಾಗ ಹುಡುಕುತ್ತಾ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಆಮೇಲೆ, ಅಳಿಯನ ಮನಸ್ಸು ನೋಯಬಾರದು ಅಂತ ನಕ್ಕರು.

"ಚೆನ್ನಾಗಿವೆ ಅಳಿಯಂದಿರೇ. ಯಾರ ಬಳೆ ಇವು?"